ಮನೆ ಪಕ್ಕದ ಡೈರಿಗೆ ಹೋಗೋಕೂ ಹೆಲ್ಮೆಟ್ ಬೇಕಾ? ಕೋಲಾರದ ಕಡೆಯವರು ನಿಜ ಹೇಳಿ

ವೇಮಗಲ್_ಹುಡುಗ · ಸೋಮವಾರ ರಾತ್ರಿ 9.12

ಹೋದ ವಾರ ನಮ್ಮಪ್ಪ ಟಿವಿಎಸ್ ಎಕ್ಸ್‌ಎಲ್‌ನಿಂದ ಬಿದ್ರು. ಬೆಳಗ್ಗೆ ಆರೂವರೆ, ಹಾಲು ಹಾಕೋಕೆ ಡೈರಿಗೆ ಹೊರಟಿದ್ರು. ಮನೆಯಿಂದ ಡೈರಿಗೆ 300 ಮೀಟರ್ ಇದ್ರೆ ಹೆಚ್ಚು. ಕಾಲ ಹತ್ರ ಒಂದು ಕ್ಯಾನು, ಹಿಂದೆ ಕಟ್ಟಿದ್ದು ಇನ್ನೊಂದು. ಅಡ್ಡ ನಾಯಿ ಬಂತು, ಬ್ರೇಕ್ ಹಿಡಿದ್ರು, ಮಂಜಿಗೆ ಒದ್ದೆಯಾಗಿದ್ದ ಸಿಮೆಂಟ್ ರಸ್ತೆ, ಗಾಡಿ ಜಾರ್ತು. ಸ್ಪೀಡು 20 ಕೂಡ ಇರ್ಲಿಲ್ಲ. ತಲೆ ಹೋಗಿ ಚರಂಡಿ ಕಲ್ಲಿನ ಅಂಚಿಗೆ ಬಡೀತು. 11 ಹೊಲಿಗೆ, ಸ್ಕ್ಯಾನಿಂಗು, ಎರಡು ದಿನ ವಾರ್ಡು. ಈಗ ಮನೇಲಿದ್ದಾರೆ. ಹಸೂಗೆ ಬೂಸಾ ಸರಿಯಾಗಿ ಹಾಕಿಲ್ಲ ಅಂತ ಅಮ್ಮನ ಮೇಲೆ ರೇಗೋಕೆ ಶುರು ಮಾಡಿದಾರೆ, ಅಲ್ಲಿಗೆ ಹುಷಾರಾದ್ರು ಅಂತ್ಲೇ ಲೆಕ್ಕ.

ನನಗೆ ಹೊಟ್ಟೆ ಉರಿದಿದ್ದು ಬೇರೆ ವಿಷಯಕ್ಕೆ. ಹೆಲ್ಮೆಟ್ ಮನೇಲೇ ಇತ್ತು. ಬಾಗಿಲ ಹಿಂದಿನ ಮೊಳೆಗೆ ನೇತಾಡ್ತಾ ಇತ್ತು. ಕೋಲಾರಕ್ಕೆ ಹೋಗೋದಾದ್ರೆ ಅಪ್ಪ ಅದನ್ನ ತಪ್ಪದೆ ತಗೊಂಡು ಹೋಗ್ತಾರೆ. ತಗೊಂಡು ಹೋಗ್ತಾರೆ ಅಂದೆ, ಹಾಕ್ಕೊಂಡು ಅಂದಿಲ್ಲ, ಗಮನಿಸಿ. ಊರು ಬಿಡೋವಾಗ ಕನ್ನಡೀಲಿ, ಟೌನು ಬಂತು ಅನ್ನೋವಾಗ ತಲೇಲಿ, ಕ್ಲಾಕ್ ಟವರ್ ದಾಟಿ ಒಳಬೀದಿಗೆ ತಿರುಗಿದ ಕೂಡ್ಲೇ ಮತ್ತೆ ಕನ್ನಡೀಲಿ.

ನಾನೇನು ಸಾಚಾ ಅಲ್ಲ. ನರಸಾಪುರದ ಕಡೆ ಒಂದು ಕಾರ್ಖಾನೇಲಿ ಕೆಲಸ. ಹೆಲ್ಮೆಟ್ ಇಲ್ದೆ ಬಂದ್ರೆ ಗೇಟಲ್ಲಿ ಗಾಡಿ ಒಳಗೆ ಬಿಡಲ್ಲ, ಶಿಫ್ಟ್‌ಗೆ ಲೇಟ್ ಬೀಳುತ್ತೆ. ಹಾಗಾಗಿ ಆರು ವರ್ಷದಲ್ಲಿ ಒಂದು ದಿನಾನೂ ಮರೆತಿಲ್ಲ. ಅದೇ ನಾನು ಭಾನುವಾರ ಕೋಳಿ ತರೋಕೆ ಹೋಗೋವಾಗ ಬೋಳು ತಲೇಲೇ ಹೋಗ್ತೀನಿ. 2013ರಿಂದ ನಮ್ಮ ನರಸಾಪುರದಲ್ಲೇ ಹೋಂಡಾದವರು ಸ್ಕೂಟರ್ ತಯಾರು ಮಾಡ್ತಾವ್ರೆ, ಗಾಡಿ ಅಂದ್ರೆ ಏನು ಅಂತ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೂ ನಾವ್ಯಾಕೆ ಹಿಂಗೆ?

ಜಾಗೃತಿ, ಅರಿವು ಅಂತ ಭಾಷಣ ಬೇಡ. ಅರಿವು ಎಲ್ರಿಗೂ ಐತೆ. ನಿಮ್ಮ ನಿಮ್ಮ ನಿಜವಾದ ಕಾರಣ ಹೇಳಿ.

ಟೊಮೊಟೊ_ಮಂಡಿ · 9.31

ನಿಜ ಹೇಳ್ತೀನಿ ಕೇಳಣ್ಣ. ಎಪಿಎಂಸಿ ಒಳಗೆ ಹೆಲ್ಮೆಟ್ ಇಟ್ಟ ಕಡೆ ಇರಲ್ಲ. ಸೀಜನ್‌ನಲ್ಲಿ ಗಾಡಿ ನಿಲ್ಸೋಕೇ ಜಾಗ ಇರಲ್ಲ, ಬಾಕ್ಸ್ ಮೇಲೆ ಬಾಕ್ಸು. ಒಂದೇ ವರ್ಷದಲ್ಲಿ ನನ್ನವು ಮೂರು ಹೋದ್ವು. ನಾಲ್ಕನೇದು ಸಿಕ್ತು, ಆದ್ರೆ ಅದರೊಳಗೆ ಯಾರೋ ಕೊಳೆತ ಹಣ್ಣು ತುಂಬಿಟ್ಟಿದ್ರು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದಾಗ ಟೊಮೊಟೊಗೆ ರಾತ್ರಿಯೆಲ್ಲಾ ಕಾವಲು ಕೂತ್ವಿ. ಹೆಲ್ಮೆಟ್‌ಗೆ ಯಾರು ಕಾವಲು ಕೂರ್ತಾರೆ? ಕೈಲಿ ಅದನ್ನ ಹಿಡ್ಕೊಂಡು ಹರಾಜಲ್ಲಿ ನಿಲ್ಲೋಕಾಗುತ್ತಾ?

ಬಂಗಾರಪೇಟೆ_ಬುಲೆಟ್ · 9.40

ನನ್ನ ಕಾರಣಗಳು: ಕೂದ್ಲು ಉದುರುತ್ತೆ. ಏಪ್ರಿಲ್‌ನಲ್ಲಿ ತಲೆ ಬೇಯುತ್ತೆ. ಹಿಂದೆ ಲಾರಿ ಹಾರನ್ ಹೊಡೆದ್ರೆ ಕೇಳಲ್ಲ. ಎಲ್ಲಕ್ಕಿಂತ ಮೇಲೆ ಹಣೆಬರಹ ಅಂತ ಒಂದಿದೆ. ನಮ್ಮ ಮಾವ ಹೆಲ್ಮೆಟ್ ಹಾಕ್ಕೊಂಡೇ ಹೋದ್ರು, ಉಳೀಲಿಲ್ಲ. ಹಾಕದೇ ನಲವತ್ತು ವರ್ಷ ಓಡಿಸಿದವರು ನಮ್ಮೂರಲ್ಲಿ ಈಗ್ಲೂ ಗಟ್ಟಿಮುಟ್ಟಾಗಿದ್ದಾರೆ.

ಟೊಮೊಟೊ_ಮಂಡಿ · 9.42

ಗುರು, ನಿನ್ನ ಪ್ರೊಫೈಲ್ ಫೋಟೋದಲ್ಲಿ ಉದುರೋಕೆ ಉಳಿದಿರೋದಾದ್ರೂ ಏನು 😄

ಫಿಸಿಕ್ಸ್_ಮೇಷ್ಟ್ರು · 10.05

ವೇಮಗಲ್‌ನವರು "ಸ್ಪೀಡು 20 ಕೂಡ ಇರಲಿಲ್ಲ" ಎಂದರು. ಎಲ್ಲರೂ ಎಡವುವುದು ಈ ಜಾಗದಲ್ಲೇ. ಮುಂದಕ್ಕೆ ಹೋಗುವ ವೇಗವನ್ನಷ್ಟೇ ಲೆಕ್ಕ ಹಾಕುತ್ತೇವೆ, ಕೆಳಕ್ಕೆ ಬೀಳುವ ವೇಗವನ್ನು ಮರೆಯುತ್ತೇವೆ. ಗಾಡಿಯ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತೇ ಇರಲಿ, ಅಷ್ಟೆತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ 19-20 ಕಿ.ಮೀ. ವೇಗದಲ್ಲಿರುತ್ತದೆ. ಕಲ್ಲಂಚಿಗೆ ಅದು ಸಾಕು. ಇನ್ನು 40ರಲ್ಲಿ ಹೋಗುವಾಗ ತಲೆ ನೇರವಾಗಿ ಗೋಡೆಗೋ ಕಂಬಕ್ಕೋ ಬಡಿದರೆ ಆರು ಮೀಟರ್ ಎತ್ತರದಿಂದ, ಅಂದರೆ ಎರಡನೇ ಮಹಡಿಯ ಕಿಟಕಿಯಿಂದ, ತಲೆಕೆಳಗಾಗಿ ಬಿದ್ದಂತೆ. 40 ಅಂದರೆ ನಮ್ಮ ಟೇಕಲ್ ರಸ್ತೆಯಲ್ಲಿ ಎಲ್ಲರೂ "ನಿಧಾನಕ್ಕೆ" ಹೋಗುವ ವೇಗ.

ಹೆಲ್ಮೆಟ್ ಒಳಗಿನ ಸ್ಪಂಜನ್ನು ಒಮ್ಮೆ ಸರಿಸಿ ನೋಡಿ. ಕೆಳಗೆ ಥರ್ಮೋಕೋಲಿನಂಥ ಗಟ್ಟಿ ಪದರ ಇರುತ್ತದೆ. ಉಳಿಸುವುದು ಅದು. ಹೊರಗಿನ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ, ಒಳಗಿನ ಪದರ ಎರಡು ಮೂರು ಸೆಂಟಿಮೀಟರ್ ನಜ್ಜುಗುಜ್ಜಾಗುತ್ತಾ ತಲೆ ನಿಲ್ಲಲು ಚೂರು ದೂರ, ಚೂರು ಸಮಯ ಕೊಡುತ್ತದೆ. ಒಮ್ಮೆ ನಜ್ಜಾದ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಹೊಳೆಯುತ್ತಿದ್ದರೂ ಕೆಲಸ ಮುಗಿಸಿದೆ ಎಂದೇ ಅರ್ಥ.

ಬುಲೆಟ್ ಅವರೇ, ನಿಮ್ಮ ಮಾವನ ವಿಷಯಕ್ಕೆ ನಿಜಕ್ಕೂ ಬೇಸರವಾಯಿತು. ಲಾರಿ ಹೊಟ್ಟೆ ಮೇಲೆ ಹರಿದರೆ ಹೆಲ್ಮೆಟ್ ಏನೂ ಮಾಡಲಾರದು, ಒಪ್ಪುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಾವಿನ ಸಾಧ್ಯತೆ ಶೇ. 42ರಷ್ಟು, ತಲೆಪೆಟ್ಟಿನ ಸಾಧ್ಯತೆ ಶೇ. 69ರಷ್ಟು ತಗ್ಗುತ್ತದೆ ಎಂದು ಕಂಡಿದೆ. ಶೇ. 100 ಎಂದು ಯಾರೂ ಹೇಳಿಲ್ಲ. ನಿಮ್ಮೂರಿನ ಗಟ್ಟಿಮುಟ್ಟಾದವರನ್ನು ಎಣಿಸಿದಿರಿ. ಹೋದವರು ಲೆಕ್ಕ ಕೊಡಲು ಅರಳಿಕಟ್ಟೆಗೆ ಬರುವುದಿಲ್ಲವಲ್ಲ.

ಬಂಗಾರಪೇಟೆ_ಬುಲೆಟ್ · 10.11

ಸಾರ್ ಪಿಯುಸಿಲೂ ಇದೇ ಥರ ಬೈಸ್ಕೊಂಡಿದ್ದೆ. ಹಾರನ್ ವಿಷಯಕ್ಕೆ ಉತ್ತರ ಬರ್ಲಿಲ್ಲ.

ಫಿಸಿಕ್ಸ್_ಮೇಷ್ಟ್ರು · 10.14

ಹಾರನ್ ಸದ್ದು ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಅದರ ಜೊತೆ ಗಾಳಿಯ ಭೋರ್ಗರೆತವೂ ಕಡಿಮೆಯಾಗುತ್ತದೆ. ನಿಮಗೆ ಹಾರನ್ ಕೇಳದಿರುವುದು ನಿಮ್ಮ ಬುಲೆಟ್ಟಿನ ಸೈಲೆನ್ಸರ್‌ನಿಂದ.

ಕನಕಾಂಬರ · ಮಂಗಳವಾರ ಬೆಳಗ್ಗೆ 6.20

ಇಲ್ಲಿ ಯಾರೂ ಹೆಂಗಸರ ಕಾರಣ ಕೇಳಲಿಲ್ಲ, ನಾನೇ ಹೇಳ್ತೀನಿ. ನಾನು ಟೀಚರ್. ತುರುಬು ಹಾಕಿ, ಎರಡು ಮೊಳ ಕನಕಾಂಬರ ಮುಡಿದು ಹೊರಟರೆ ಯಾವ ಹೆಲ್ಮೆಟ್ಟೂ ತಲೆಗೆ ಇಳಿಯಲ್ಲ. ತುರುಬು ಇಳಿಸಿ ಕುತ್ತಿಗೆ ಮೇಲಕ್ಕೆ ಕಟ್ಟೋದು ಕಲಿಯೋಕೆ ನನಗೆ ಒಂದು ವರ್ಷ ಹಿಡೀತು. ಹೂವು ಈಗ ಟಿಫಿನ್ ಡಬ್ಬಿ ಮೇಲೆ ಬರುತ್ತೆ, ಸ್ಕೂಲಲ್ಲಿ ಮುಡಿಯೋದು. ಹೂವಿನ ಅಂಗಡಿಯ ಅಜ್ಜಿ "ಯಾಕಮ್ಮಾ, ಮುಡಿಯದೇ ಕಟ್ಟಿಸ್ಕೊಂಡು ಹೋಗ್ತೀಯ" ಅಂತ ಮೊದಮೊದಲು ಸಂಶಯವಾಗಿ ನೋಡ್ತಿದ್ರು.

ಇದಕ್ಕಿಂತ ದೊಡ್ಡ ವಿಷಯ ಹಿಂದೆ ಕೂರೋರದ್ದು. ಗಂಡನ ಗಾಡಿ ಹಿಂದೆ ಸೀರೆ ಉಟ್ಟು ಒಂದು ಪಕ್ಕಕ್ಕೆ ಕೂತು, ಒಂದು ಕೈಲಿ ಮಗು, ಇನ್ನೊಂದು ಕೈಲಿ ಚೀಲ. ಬಿದ್ರೆ ಮೊದಲು ಹಾರೋದು ನಾವೇ. ಗಂಡಂಗೆ ಹೆಲ್ಮೆಟ್ ಇರುತ್ತೆ, ನಮಗಿರಲ್ಲ. ಹಿಂದೆ ಕೂರೋರಿಗೂ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಜಾರಿಯಲ್ಲಿದೆ. ಹತ್ತು ವರ್ಷ ಆಯ್ತು, ಡೂಂಲೈಟ್ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತು ಎಣಿಸಿ ನೋಡಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ 50,029 ಜನ, ಅದರಲ್ಲಿ ಹಿಂದೆ ಕೂತವರೇ 14,337. ಎಷ್ಟೋ ಮನೆಗಳಲ್ಲಿ ಹೆಲ್ಮೆಟ್ ಗಾಡಿ ಜೊತೆ ಬಂದ ಸಾಮಾನು, ಓಡಿಸೋನಿಗೆ ಸೇರಿದ್ದು. ಹೆಂಡತಿಗೆ ಇನ್ನೊಂದು ತರಬೇಕು ಅಂದ್ರೆ "ಇಲ್ಲೇ ತಾನೇ ಹೋಗೋದು" ಅಂತಾರೆ.

ನನ್ನ ತಪ್ಪೂ ಹೇಳ್ಬಿಡ್ತೀನಿ. ಆರು ವರ್ಷದ ಮಗಳನ್ನ ಹೋದ ವರ್ಷದವರೆಗೂ ಸ್ಕೂಟಿ ಮುಂದೆ ಬರೀ ತಲೆಯಲ್ಲಿ ನಿಲ್ಲಿಸ್ಕೊಂಡು ಹೋಗ್ತಿದ್ದೆ. ನನ್ನ ತಲೆಗೆ ಹೆಲ್ಮೆಟ್ಟು, ಅವಳಿಗೆ ರಿಬ್ಬನ್ನು. ನಾಲ್ಕು ವರ್ಷ ದಾಟಿದ ಯಾರಿಗೇ ಆಗ್ಲಿ ಹೆಲ್ಮೆಟ್ ಬೇಕು ಅಂತ ಕಾನೂನಲ್ಲೇ ಇದೆ. ಅದಕ್ಕಿಂತ ಚಿಕ್ಕವರಿಗೆ ಬೇರೆ ನಿಯಮ: ಮಕ್ಕಳ ಹೆಲ್ಮೆಟ್, ಓಡಿಸೋರಿಗೆ ಸೇರಿಸಿ ಕಟ್ಟೋ ಬೆಲ್ಟು, ಗಾಡಿ 40 ದಾಟಬಾರ್ದು. ಕೊನೆಗೆ ಒಂದು ದಿನ ಅವಳೇ ಕೇಳಿದ್ಲು, "ಅಮ್ಮಾ, ನಾನು ಬಿದ್ರೆ ನೋವಾಗಲ್ವಾ?" ಅವತ್ತೇ ಅಂಗಡಿಗೆ ಹೋದೆ. ಮೂರು ಅಂಗಡಿ ಸುತ್ತಿದರೂ ಅವಳ ಅಳತೆದು ಸಿಗಲಿಲ್ಲ. "ತರಿಸಿ ಕೊಡ್ತೀವಿ ಮೇಡಂ, ಯಾರೂ ಕೇಳಲ್ಲ" ಅಂದ್ರು.

ನಿವೃತ್ತ_ಹೆಡ್ಡು · 8.02

ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವನು ನಾನು. ನಮ್ಮ ಕಡೆಯದೂ ಸ್ವಲ್ಪ ಕೇಳಿ.

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ತಿದ್ದುಪಡಿ ಬಂತು. ಹೆಲ್ಮೆಟ್ ಇಲ್ಲದಿದ್ರೆ 1000 ರೂಪಾಯಿ, ಜೊತೆಗೆ 3 ತಿಂಗಳು ಡಿಎಲ್ ಅಮಾನತು ಮಾಡ್ಬೋದು ಅಂತ. ಆ ವಾರ ಹೆಲ್ಮೆಟ್ ಮಾರೋನ ಮುಂದೆ ಸೊಸೈಟಿ ಅಕ್ಕಿಗೆ ನಿಂತಂಗೆ ಜನ ನಿಂತಿದ್ರು. ತಿಂಗಳು ಮುಗಿಯೋದರೊಳಗೆ ನಮ್ಮ ರಾಜ್ಯದಲ್ಲಿ ಅದು 500ಕ್ಕೆ ಇಳೀತು, ಕ್ಯೂನೂ ಕರಗ್ತು. ಆಮೇಲೆ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ, 2025ರಲ್ಲೂ ಬಂತು. ಈಗ ನೋಟಿಸ್ ಕೊಟ್ರೆ "ಇರ್ಲಿ ಸಾರ್, ಮುಂದಿನ ಡಿಸ್ಕೌಂಟಲ್ಲಿ ಕಟ್ತೀನಿ" ಅಂತಾರೆ, ಆಷಾಢದ ಬಟ್ಟೆ ಅಂಗಡಿಗೆ ಕಾದಂಗೆ.

ನಾನು ಬಂಗಾರಪೇಟೆ ಸರ್ಕಲ್‌ನಲ್ಲಿ ನಿಂತಿದ್ದ ಕಾಲದಲ್ಲಿ ಎದುರಿಂದ ಬರೋರು ಲೈಟ್ ಮಿಣುಕಿಸಿ ಹೋಗೋರಿಗೆ ಸನ್ನೆ ಮಾಡೋರು. ನೂರು ಗಜ ಹಿಂದೆ ಮರದ ಕೆಳಗೆ ನಿಂತು, ಹಾಕ್ಕೊಂಡು, ನಮ್ಮ ಮುಂದೆ ಗಂಭೀರವಾಗಿ ಹಾದು ಹೋಗೋರು. ನಾವು ನೋಡ್ತಾನೇ ಇದ್ವಿ. ಅಟ್ಟಿಸ್ಕೊಂಡು ಹೋದ್ರೆ ಬಿದ್ದು ಕೈಕಾಲು ಮುರ್ಕೋತಾರೆ, ಬಿಟ್ರೆ ನಗ್ತಾರೆ. ಕ್ಯಾನ್ ಕಟ್ಟಿಕೊಂಡು ಬರೋ ಹಾಲಿನವರನ್ನಂತೂ ಮುಟ್ತಾನೇ ಇರ್ಲಿಲ್ಲ. ಹಾಲು ಒಡೆದ್ರೆ ಅವರ ದಿನದ ಸಂಪಾದನೆ ಹೋಗುತ್ತೆ ಅಂತ ಕನಿಕರ. ಈ ಪೋಸ್ಟ್ ಓದಿದ ಮೇಲೆ ಆ ಕನಿಕರ ಸರಿಯಿತ್ತಾ ಅಂತ ಬೆಳಗ್ಗಿಂದ ಯೋಚನೆ ಬರ್ತಾ ಐತೆ.

ಇನ್ನೊಂದು ಒಪ್ಕೊಂಡುಬಿಡ್ತೀನಿ. ಸರ್ವೀಸಲ್ಲಿ ನನ್ನ ತಲೆ ಮೇಲಿದ್ದಿದ್ದೂ ಕಿವಿ ಮುಚ್ಚದ ಅರ್ಧ ಹೆಲ್ಮೆಟ್ಟೇ. ತೆಂಗಿನ ಚಿಪ್ಪು.

ರಸ್ತೆಬದಿ_ಅಂಗಡಿ · 8.50

ಅಣ್ಣ, ಆ ಚಿಪ್ಪುಗಳನ್ನ ಮಾರಿದವನೇ ನಾನು, ಬೈಬೇಡಿ 🙏

ನನ್ನ ಹತ್ರ ಬರೋ ಗಿರಾಕಿ ತಲೆ ಅಳತೆ ಹೇಳಲ್ಲ. "ಪೊಲೀಸ್ ಹಿಡೀಬಾರ್ದು, ಅಷ್ಟಕ್ಕೆ ಎಷ್ಟಾಗುತ್ತೆ?" ಅಂತ ಕೇಳ್ತಾನೆ. 1200ದು ತೋರಿಸಿದ್ರೆ 250ದು ಕೊಡು ಅಂತಾನೆ. ಕೈಲಿರೋ ಮೊಬೈಲು 20 ಸಾವಿರದ್ದು, ಅದಕ್ಕೆ ಗ್ಲಾಸು, ಕವರು ಎಲ್ಲಾ ಹಾಕಿರ್ತಾನೆ. 2021ರ ಜೂನ್ 1ರಿಂದ ಐಎಸ್‌ಐ ಇಲ್ಲದ್ದು ಮಾರಂಗಿಲ್ಲ ಅಂತ ಆದೇಶ ಐತೆ. ಏನಾಯ್ತು ಅಂದ್ರೆ, ಸ್ಟಿಕ್ಕರೂ ಬಂಡಲ್ ಲೆಕ್ಕದಲ್ಲಿ ಸಿಗೋಕೆ ಶುರುವಾಯ್ತು. ನಾನೀಗ ಅದನ್ನ ಇಡೋದು ಬಿಟ್ಟಿದೀನಿ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ತಗೊಳ್ಳೋವಾಗ ನೋಡಿ: ಐಎಸ್‌ಐ ಗುರುತಿನ ಜೊತೆ ಐಎಸ್ 4151 ಅಂತಲೂ, ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರೂ ಇರ್ಬೇಕು. ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ಯಾವ ಕಂಪ್ನಿದು ಅಂತ ಬರುತ್ತೆ. ಒಳಗೆ ಬೆರಳಿಟ್ಟು ಒತ್ತಿ. ಬರೀ ಸ್ಪಂಜು, ಅದರ ಹಿಂದೆ ನೇರ ಪ್ಲಾಸ್ಟಿಕ್ಕು ಸಿಕ್ರೆ ವಾಪಸ್ ಇಡಿ. ಹಾಕ್ಕೊಂಡು ತಲೆ ಅಲ್ಲಾಡಿಸಿ, ಹೆಲ್ಮೆಟ್ ಒಂದು ಕಡೆ ನೀವು ಒಂದು ಕಡೆ ತಿರುಗಿದ್ರೆ ಅದು ದೊಡ್ಡದಾಯ್ತು. ಮತ್ತೆ ಹೊಸ ಗಾಡಿ ತಗೊಂಡಾಗ ಅದರ ಜೊತೆ ಹೆಲ್ಮೆಟ್ ಕೊಡ್ಬೇಕು ಅಂತ ರೂಲ್ಸೇ ಐತೆ. ನಮ್ಮ ಜನ "ಅದು ಬೇಡ, ಸೀಟ್ ಕವರ್ ಹಾಕ್ಕೊಡಿ" ಅಂತಾರೆ.

ನೈಟ್_ಡ್ಯೂಟಿ_ಅಕ್ಕ · ಮಧ್ಯಾಹ್ನ 2.15

ರಾತ್ರಿ ಡ್ಯೂಟಿ ಮುಗಿಸಿ ಮಲಗಿ ಎದ್ದು ಇದನ್ನ ಓದ್ತಿದೀನಿ. ಎಮರ್ಜೆನ್ಸಿ ವಾರ್ಡಿನ ನರ್ಸ್.

ನಿಮಗೊಂದು ದೃಶ್ಯ ಹೇಳ್ತೀನಿ. ಸ್ಟ್ರೆಚರ್ ಮೇಲೆ ಹುಡುಗ. ಕಿವಿಯಿಂದ ರಕ್ತ. ಹಿಂದೆ ಅವನ ಅಣ್ಣನೋ ಸ್ನೇಹಿತನೋ ಕೈಲಿ ಹೆಲ್ಮೆಟ್ ಹಿಡ್ಕೊಂಡು ಓಡಿ ಬರ್ತಾನೆ. "ಹೆಲ್ಮೆಟ್ ಇತ್ತು ಸಿಸ್ಟರ್, ಇತ್ತು" ಅಂತ ತೋರಿಸ್ತಾನೆ. ನಾನು ಅದನ್ನ ತಿರುಗಿಸಿ ನೋಡ್ತೀನಿ. ಒಂದು ಗೀರಿಲ್ಲ. ಹೊಸಾದು. ಕೆಲವಕ್ಕೆ ಗ್ಲಾಸಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲ್ಲ. ಗೀರಿಲ್ಲ ಅಂದ್ರೆ ಅದು ಮೊಣಕೈಯಲ್ಲಿತ್ತು, ಇಲ್ಲಾ ಟ್ಯಾಂಕ್ ಮೇಲಿತ್ತು, ಇಲ್ಲಾ ತಲೇಲಿದ್ರೂ ಲಾಕ್ ಹಾಕಿರ್ಲಿಲ್ಲ. ಲಾಕ್ ಹಾಕದ ಹೆಲ್ಮೆಟ್ ಬೀಳೋಕೆ ಮುಂಚೆನೇ ಹಾರಿ ಹೋಗಿರುತ್ತೆ. ಬೆಲ್ಟ್ ಕಟ್ಟಿರ್ಬೇಕು ಅಂತ ಕಾನೂನಲ್ಲೂ ಇದೆಯಂತೆ, ನಮ್ಮ ಟ್ರಾಫಿಕ್ ಡ್ಯೂಟಿ ಪಿಸಿ ಒಬ್ಬರು ಹೇಳಿದ್ರು.

ಆಮೇಲೆ ಕೋಲಾರದ್ದೇ ಒಂದು ಕಷ್ಟ ಇದೆ. ತಲೆಗೆ ಭಾರೀ ಪೆಟ್ಟಾದ ಎಷ್ಟೋ ಕೇಸು ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಹೋಗುತ್ತೆ. 70 ಕಿಲೋಮೀಟರ್ ಹತ್ತಿರ. ಹೈವೇ ಚೆನ್ನಾಗಿದೆ, ಹೊಸಕೋಟೆವರೆಗೆ ಸಲೀಸು, ಕೆ.ಆರ್. ಪುರ ಬಂತಾ, ಆಂಬುಲೆನ್ಸ್ ಡ್ರೈವರ್ ಹಣೆ ಚಚ್ಕೋತಾನೆ.

ವೇಮಗಲ್‌ನವರೇ, ತಂದೆಯವರ ವಯಸ್ಸೆಷ್ಟು? ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ? ವಯಸ್ಸಾದವರಿಗೆ ತಲೆಬುರುಡೆ ಒಳಗೆ ನಿಧಾನವಾಗಿ ರಕ್ತ ಜಿನುಗಿ, ವಾರಗಟ್ಟಲೆ ಆದ್ಮೇಲೆ ತೊಂದರೆ ಕೊಡೋದುಂಟು. ಮೊದಲ ಸ್ಕ್ಯಾನ್ ಸರಿಯಾಗಿತ್ತು ಅಂತ ಮೈಮರೀಬೇಡಿ. ತಲೆನೋವು ಜಾಸ್ತಿ ಆಗೋದು, ವಾಂತಿ, ಹೊತ್ತಲ್ಲದ ಹೊತ್ತಲ್ಲಿ ತೂಕಡಿಕೆ, ಮಾತು ತಡವರಿಸೋದು, ನಡೆಯೋವಾಗ ಒಂದು ಪಕ್ಕಕ್ಕೆ ವಾಲೋದು, ಹೆಸರು ಮರೆಯೋದು, ಇದರಲ್ಲಿ ಯಾವುದು ಕಂಡರೂ ಬೆಳಗಾಗ್ಲಿ ಅಂತ ಕಾಯದೆ ಕರ್ಕೊಂಡು ಬನ್ನಿ. ಡಾಕ್ಟ್ರು ಹೇಳೋವರೆಗೂ ಗಾಡಿ ಬೀಗ ನಿಮ್ಮ ಹತ್ರ ಇರ್ಲಿ.

ವೇಮಗಲ್_ಹುಡುಗ · ಸಂಜೆ 7.30

ಅಕ್ಕ, ತುಂಬಾ ಥ್ಯಾಂಕ್ಸ್. ಅಪ್ಪಂಗೆ 64. ಹೃದಯಕ್ಕೆ ಅಂತ ಒಂದು ಚಿಕ್ಕ ಮಾತ್ರೆ ತಗೋತಾರೆ, ಅದೇ ಇರ್ಬೇಕು. ನಾಳೆನೇ ಡಾಕ್ಟ್ರಿಗೆ ತೋರಿಸಿ ಕೇಳ್ತೀನಿ. ಬೀಗ ನನ್ನ ಹತ್ರಾನೇ ಐತೆ, ಮನೇಲಿ ಅದೇ ಜಗಳ.

ಇನ್ನು ಲಾಕ್ ವಿಷಯ. ನೀವು ಹೇಳಿದ್ಮೇಲೆ ಇವತ್ತು ಶಿಫ್ಟ್ ಬಿಟ್ಟಾಗ ಸುತ್ತ ನೋಡ್ದೆ. ಗೇಟಿಂದ ನೂರಾರು ಗಾಡಿ ಹೊರಡ್ತವೆ, ಎಲ್ಲರ ತಲೇಲೂ ಹೆಲ್ಮೆಟ್ಟು, ಸುಮಾರು ಜನರ ಬೆಲ್ಟು ಗಾಳೀಲಿ ಪಟಪಟ ಹೊಡ್ಕೋತಾ ಇತ್ತು. ಆಮೇಲೆ ನನ್ನ ಕುತ್ತಿಗೆ ಮುಟ್ಟಿ ನೋಡ್ಕೊಂಡೆ. ನಂದೂ ಅದೇ ಕಥೆ. ಆರು ವರ್ಷದಿಂದ ತೊಟ್ಟಿದ್ದು ಗೇಟಿಗೋಸ್ಕರ ಅಂತ ಈಗ ಗೊತ್ತಾಯ್ತು. ಲಾಕ್ ಹಾಕೋಕೆ ಹೋದ್ರೆ ತುಕ್ಕು ಹಿಡಿದು ಕೂರ್ತಾನೇ ಇಲ್ಲ.

ಅಪ್ಪನ ಹತ್ರ ಇವತ್ತು ಕೂತು ಮಾತಾಡ್ದೆ. ಬಿಸಿಲು ಅಂತಾರೇನೋ, ಕತ್ತು ನೋವು ಅಂತಾರೇನೋ ಅಂದ್ಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. "ಊರೊಳಗೆ ಅದನ್ನ ಹಾಕ್ಕೊಂಡು ಹೋದ್ರೆ ಯಾರೋ ದಂಡದ ದುಡ್ಡು ವಸೂಲಿಗೆ ಬಂದೋನ ಥರ ಕಾಣ್ತೀನಿ ಕಣೋ. ಜಗಲಿ ಮೇಲೆ ಕೂತಿರೋರು ಏನ್ ಗೌಡ್ರೇ ಅಂತಾರೆ, ಮುಖ ಮುಚ್ಕೊಂಡು ಹೆಂಗೆ ಮಾತಾಡ್ಸೋದು? ಮಾತಾಡಿಸ್ದೆ ಹೋದ್ರೆ ಕೊಬ್ಬು ಅಂತಾರೆ." ನನಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಕೋಳಿ ಅಂಗಡಿಗೆ ಹೋಗೋವಾಗ ನನಗೂ ಒಳಗೊಳಗೆ ಹಂಗೇ ಅನ್ಸುತ್ತೆ. ನಮಗೆಲ್ಲಾ ಹೆಲ್ಮೆಟ್ ಅಂದ್ರೆ ಪರಊರಿಗೆ ಹೋಗೋವಾಗಿನ ವೇಷ.

ಕನಕಾಂಬರ · 7.52

ಇದು ಸರಿಯಾದ ಮಾತು. ನಾನು ಹೆಲ್ಮೆಟ್ ಹಾಕಿ ನಮ್ಮ ಬೀದೀಲಿ ಹೊರಟಾಗ "ಏನ್ ಟೀಚರಮ್ಮ, ದೂರ ಹೊರಟ್ರಾ?" ಅಂತಾರೆ. ತರಕಾರಿಗೆ ಅಂದ್ರೆ ನಗು. ತಂದೆಯವರಿಗೆ ಮುಖ ಕಾಣೋ ಥರದ್ದು, ಕಿವಿ ಮುಚ್ಚೋದು ಕೊಡಿಸಿ ನೋಡಿ.

ರಸ್ತೆಬದಿ_ಅಂಗಡಿ · 8.10

ಓಪನ್ ಫೇಸ್ ಅಂತ ಬರುತ್ತೆ, ಐಎಸ್‌ಐ ಇರೋದೇ ಸಿಗುತ್ತೆ. ಗದ್ದಕ್ಕೆ ರಕ್ಷಣೆ ಇಲ್ಲ, ಹೈವೇಗೆ ಫುಲ್ ಫೇಸೇ ವಾಸಿ. ಆದ್ರೆ ಮೊಳೆಗೆ ನೇತಾಕಿರೋ ಫುಲ್ ಫೇಸ್‌ಗಿಂತ ತಲೇಲಿರೋ ಓಪನ್ ಫೇಸ್ ಮೇಲು. ಅಪ್ಪಾಜಿನ ಕರ್ಕೊಂಡೇ ಬನ್ನಿ, ತಲೆ ಅಳತೆ ನೋಡಿ ಕೊಡ್ತೀನಿ. ನಿಮ್ಮದನ್ನೂ ತನ್ನಿ, ತುಕ್ಕು ಹಿಡಿದ ಲಾಕ್ ರಿಪೇರಿ ಮಾಡೋ ಸಾಮಾನಲ್ಲ. ಹೊಸದೇ ತಗೊಳ್ಳಿ, ವ್ಯಾಪಾರಕ್ಕೆ ಹೇಳ್ತಿಲ್ಲ... ಸರಿ, ವ್ಯಾಪಾರಕ್ಕೂ ಹೇಳ್ತಿದೀನಿ.

ಟೊಮೊಟೊ_ಮಂಡಿ · 8.15

ಕಳ್ಳತನಕ್ಕೆ ಯಾರೂ ಪರಿಹಾರ ಹೇಳ್ಲಿಲ್ಲ.

ಬಂಗಾರಪೇಟೆ_ಬುಲೆಟ್ · 8.21

ಸೈಕಲ್‌ಗೆ ಹಾಕೋ ವೈರ್ ಬೀಗ ಬರುತ್ತಲ್ಲ, 100-150 ರೂಪಾಯಿದು. ಬೆಲ್ಟಿನ ರಿಂಗ್ ಒಳಗೆ ತೂರಿಸಿ ಸೈಡ್ ಗಾರ್ಡ್‌ಗೆ ಹಾಕು. ಟ್ರಿಪ್ ಹೋದಾಗ ನಾನು ಹಂಗೇ ಮಾಡೋದು.

ಟೊಮೊಟೊ_ಮಂಡಿ · 8.22

ಅಂದ್ರೆ ನಿನ್ನ ಹತ್ರ ಹೆಲ್ಮೆಟ್ ಐತೆ!

ಬಂಗಾರಪೇಟೆ_ಬುಲೆಟ್ · 8.23

ಟ್ರಿಪ್‌ಗೆ ಹಾಕ್ತೀನಪ್ಪ. ನಾನು ಹೇಳಿದ್ದು ಲೋಕಲ್‌ದು.

ವೇಮಗಲ್_ಹುಡುಗ · ಮೂರು ವಾರದ ನಂತರ

ಕೇಳಿದವರಿಗೆಲ್ಲಾ ಅಪ್‌ಡೇಟ್. ಡಾಕ್ಟ್ರು ಮತ್ತೆ ಸ್ಕ್ಯಾನ್ ಮಾಡಿಸಿದ್ರು, ಏನೂ ಇಲ್ಲ ಅಂದ್ರು. ಹೊಲಿಗೆ ಬಿಚ್ಚಿ ಗಾಯ ಒಣಗಿದೆ. ಗಾಡಿ ಓಡಿಸ್ಬೋದು ಅಂತ ಅವರ ಬಾಯಿಂದ ಬಂದ ಮೇಲೆ ಬೀಗ ವಾಪಸ್ ಕೊಟ್ಟೆ. ಬಾಗಿಲ ಹಿಂದಿನ ಮೊಳೆ ಕಿತ್ತು ಹಾಕಿದೀನಿ. ಹೊಸ ಹೆಲ್ಮೆಟ್ಟನ್ನ ರಾತ್ರಿ ಖಾಲಿ ಹಾಲಿನ ಕ್ಯಾನ್ ಮೇಲೆ ಕವುಚಿ ಇಡ್ತೀನಿ, ಗಾಡಿ ಬೀಗ ಅದರೊಳಗೆ. ಅದನ್ನ ಎತ್ತದೆ ಡೈರಿಗೆ ಹೋಗೋಕಾಗಲ್ಲ.

ಮೊದಲ ದಿನ ಡೈರೀಲಿ ಕಾರ್ಯದರ್ಶಿ ತಲೆ ಎತ್ತದೆ "ಯಾರಪ್ಪಾ, ಯಾವೂರು?" ಅಂದ್ರಂತೆ. ಕ್ಯೂನಲ್ಲಿದ್ದೋರೆಲ್ಲಾ ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ಅಪ್ಪ ಹೆಲ್ಮೆಟ್ ತೆಗೆದು ಹೊಲಿಗೆ ಗುರುತು ತೋರಿಸಿದ್ರಂತೆ, ಆಮೇಲೆ ಅರ್ಧ ಗಂಟೆ ಅದೇ ಕಥೆ. ಈಗ ದಿನಾ ಹಾಕ್ತಾರೆ, ಲಾಕ್ ಹಾಕಿದ್ರಾ ಅಂತ ನನ್ನನ್ನೇ ಕೇಳ್ತಾರೆ.

ಒಂದೇ ತೊಂದರೆ. ಅವತ್ತು ಅಡ್ಡ ಬಂದಿತ್ತಲ್ಲ, ಅದೇ ನಾಯಿ. ಹತ್ತು ವರ್ಷದಿಂದ ಅಪ್ಪನ ಕೈಯಿಂದ ರೊಟ್ಟಿ ತಿಂದಿರೋದು. ಹೆಲ್ಮೆಟ್ ಹಾಕಿದ್ರೆ ಗುರುತು ಸಿಗ್ತಿಲ್ಲ ಅನ್ಸುತ್ತೆ, ಡೈರಿವರೆಗೂ ಬೊಗಳ್ತಾ ಗಾಡಿ ಹಿಂದೆ ಓಡಿ ಬರುತ್ತೆ. ಇದಕ್ಕೇನಾದ್ರೂ ಉಪಾಯ ಇದ್ರೆ ಹೇಳಿ.

ನಿವೃತ್ತ_ಹೆಡ್ಡು · ಅದೇ ದಿನ

ಗಾಡಿ ನಿಲ್ಸಿ, ಹೆಲ್ಮೆಟ್ ಹಾಕ್ಕೊಂಡೇ ಎರಡು ದಿನ ಬಿಸ್ಕತ್ ಹಾಕೋಕೆ ಹೇಳಿ. ಗ್ಲಾಸ್ ಮೇಲಕ್ಕೆತ್ತಿ, ಹೆಸರಿಟ್ಟು ಕೂಗ್ಬೇಕು. ನನ್ನ ಬೀಟಲ್ಲಿ ಹಂಗೇ ಮಾಡ್ತಿದ್ದಿದ್ದು.